ಕ್ಯಾಲಿಬ್ರೇಷನ್ ಆಯ್ತು. ಆದರೆ ಉಪಕರಣ ನಮ್ಮ ಟೆಸ್ಟ್‌ಗೆ ತಕ್ಕದ್ದೇ? ಲ್ಯಾಬ್‌ನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಟೆಸ್ಟಿಂಗ್ ಲ್ಯಾಬ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡಿದ ವಿಷಯ ಇದು. ಕ್ಯಾಲಿಬ್ರೇಷನ್ ಅಂದರೆ ಉಪಕರಣ ತೋರಿಸುವ ಅಂಕಿಯನ್ನು ನಿಖರವಾಗಿ ಗೊತ್ತಿರುವ ಅಳತೆಯ ಜೊತೆ ಹೋಲಿಸಿ ನೋಡುವುದು. ಅದರ ಸರ್ಟಿಫಿಕೇಟ್ ಬರುತ್ತದೆ. ಮೊದಲ ಪುಟದಲ್ಲಿ ಸೀಲು, ಸಹಿ, ದಿನಾಂಕ ಎಲ್ಲಾ ಇರುತ್ತವೆ. ಅದು ನೇರ ಫೈಲಿಗೆ ಹೋಗುತ್ತದೆ. ಉಪಕರಣದ ಮೇಲೆ ಹೊಸ ಸ್ಟಿಕ್ಕರ್ ಅಂಟುತ್ತದೆ. ಒಳಗಿನ ಪುಟದ ಅಂಕಿಗಳನ್ನು ಯಾರೂ ಓದಿರುವುದಿಲ್ಲ.

ಒಮ್ಮೆ ನಮ್ಮ ಲ್ಯಾಬ್‌ಗೆ ಆಡಿಟ್‌ಗೆ ಬಂದ ಅಸೆಸರ್ ಓವನ್‌ನ ಸರ್ಟಿಫಿಕೇಟ್ ಕೈಗೆ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳಿದರು. "ಈ ಅಂಕಿ ನೋಡಿ ಈ ಓವನ್ ಬಳಸಬಹುದು ಅಂತ ನೀವು ಹೇಗೆ ತೀರ್ಮಾನ ಮಾಡಿದ್ರಿ?" ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆ ದಿನದಿಂದ ನಾನು ಸರ್ಟಿಫಿಕೇಟ್ ಓದುವ ರೀತಿಯೇ ಬದಲಾಯಿತು.

ಉಪಕರಣ ಎಷ್ಟು ತಪ್ಪು ತೋರಿಸುತ್ತದೆ ಅಂತ ಸರ್ಟಿಫಿಕೇಟ್ ಹೇಳುತ್ತದೆ. ಅಷ್ಟು ತಪ್ಪು ನಿಮ್ಮ ಟೆಸ್ಟ್‌ಗೆ ನಡೆಯುತ್ತದೆಯೇ ಅನ್ನುವುದನ್ನು ನೀವೇ ತೀರ್ಮಾನಿಸಬೇಕು. ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ/ಐಇಸಿ 17025:2017ರ 6.4.4ನೇ ಕಲಂ ಕೇಳುವುದೂ ಇದನ್ನೇ. ಉಪಕರಣವನ್ನು ಬಳಕೆಗೆ ಇಡುವ ಮೊದಲು, ಹೊರಗೆ ಹೋಗಿ ಬಂದ ಮೇಲೂ, ಅದು ಬೇಕಾದ ಮಟ್ಟದಲ್ಲಿ ಇದೆಯೇ ಅಂತ ಲ್ಯಾಬ್ ಪರಿಶೀಲಿಸಲೇಬೇಕು.

ನನಗೆ ಚೆನ್ನಾಗಿ ಗೊತ್ತಿರುವುದು ಕಟ್ಟಡ ಸಾಮಗ್ರಿ ಪರೀಕ್ಷಿಸುವ ಲ್ಯಾಬ್. ಕಾಂಕ್ರೀಟ್ ಕ್ಯೂಬ್ ಒಡೆಯುವ ಯಂತ್ರ, ಅಂದರೆ ಎಲ್ಲರೂ ಸಿಟಿಎಂ ಅನ್ನುವ ಯಂತ್ರ, ಓವನ್, ಬ್ಯಾಲೆನ್ಸ್, ಕ್ಯೂಬ್‌ಗಳನ್ನು ನೀರಿನಲ್ಲಿ ಇಡುವ ಕ್ಯೂರಿಂಗ್ ತೊಟ್ಟಿಯ ಥರ್ಮಾಮೀಟರ್. ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಂದಲೇ. ನೀರು, ಆಹಾರ, ಔಷಧಿ ಲ್ಯಾಬ್‌ನವರಿಗೂ ದಾರಿ ಇದೇ, ಮಿತಿಗಳು ಮಾತ್ರ ಬೇರೆ.

ಹಂತ 1: ನಿಮಗೆ ಏನು ಬೇಕು ಅಂತ ಮೊದಲು ಬರೆದಿಡಿ

ಇದನ್ನು ಸರ್ಟಿಫಿಕೇಟ್ ಬರುವ ಮೊದಲೇ ಮಾಡಬೇಕು. ಬಂದ ಮೇಲೆ ಬರೆದರೆ ಬಂದ ಅಂಕಿಗೆ ತಕ್ಕಂತೆ ಮಿತಿ ಹಾಕಿಕೊಳ್ಳುವ ಆಸೆ ಬರುತ್ತದೆ.

ಪ್ರತಿ ಉಪಕರಣಕ್ಕೂ ಒಂದು ಹಾಳೆ ಮಾಡಿ. ಅದು ಯಾವ ಟೆಸ್ಟ್‌ಗೆ ಬಳಕೆಯಾಗುತ್ತದೆ, ಆ ಟೆಸ್ಟ್‌ನ ಮಾನಕ ಏನು ಕೇಳುತ್ತದೆ, ನೀವು ನಿಜವಾಗಿ ಯಾವ ಶ್ರೇಣಿಯಲ್ಲಿ ಅಳೆಯುತ್ತೀರಿ, ಈ ಮೂರನ್ನೂ ಬರೆಯಿರಿ.

ಮಣ್ಣಿನ ತೇವಾಂಶದ ಟೆಸ್ಟ್ ತೆಗೆದುಕೊಳ್ಳೋಣ. ಭಾರತೀಯ ಮಾನಕ ಐಎಸ್ 2720ರ 2ನೇ ಭಾಗ ಓವನ್ 110 ± 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು ಅನ್ನುತ್ತದೆ. ಜಿಪ್ಸಂ ಅಥವಾ ಸಾವಯವ ಪದಾರ್ಥ ಜಾಸ್ತಿ ಇರುವ ಮಣ್ಣಾದರೆ 60ರಿಂದ 80 ಡಿಗ್ರಿಯಲ್ಲೇ ಒಣಗಿಸಬೇಕು. ಅಂಥ ಮಣ್ಣು ನಿಮ್ಮಲ್ಲಿಗೆ ಬರುತ್ತಿದ್ದರೆ ಓವನ್ ಅನ್ನು 110ರಲ್ಲಿ ಮಾತ್ರ ಕ್ಯಾಲಿಬ್ರೇಟ್ ಮಾಡಿಸಿದರೆ ಸಾಲದು. 70ರ ಹತ್ತಿರ ಇನ್ನೊಂದು ಬಿಂದು ಬೇಕು.

ತೂಕಕ್ಕೂ ಅದೇ ಮಾನಕದಲ್ಲಿ ಮಿತಿ ಇದೆ. ತೆಗೆದುಕೊಂಡ ಮಣ್ಣಿನ ತೂಕದ ಶೇ. 0.04ರಷ್ಟು ನಿಖರವಾಗಿ ತೂಗಬೇಕು. ನುಣುಪು ಮಣ್ಣು 25 ಗ್ರಾಂ ತೆಗೆದುಕೊಂಡರೆ ಅದು 0.01 ಗ್ರಾಂ. ಈಗ ನಿಮ್ಮ ಬ್ಯಾಲೆನ್ಸ್ ಎರಡು ದಶಮಾಂಶದವರೆಗೆ ತೋರಿಸುತ್ತದೆ, ಸರ್ಟಿಫಿಕೇಟ್‌ನಲ್ಲಿ ಅನಿಶ್ಚಿತತೆ, ಅಂದರೆ ಅಂಕಿ ಎಷ್ಟು ಆಚೀಚೆ ಇರಬಹುದು ಅನ್ನುವುದು, ± 0.02 ಗ್ರಾಂ ಅಂತ ಇದೆ ಅಂದುಕೊಳ್ಳಿ. ಬ್ಯಾಲೆನ್ಸ್‌ನಲ್ಲಿ ಕೆಟ್ಟಿರುವುದು ಏನೂ ಇಲ್ಲ. ಆದರೂ ಈ 25 ಗ್ರಾಂ ಕೆಲಸಕ್ಕೆ ಅದು ಆಗುವುದಿಲ್ಲ. ಮೂರು ದಶಮಾಂಶದ ಬ್ಯಾಲೆನ್ಸ್ ಬೇಕು. ಹಳೆಯ ಬ್ಯಾಲೆನ್ಸ್ ಜಲ್ಲಿ, ಮರಳು ತೂಗಲಿ.

ಹಂತ 2: ಯಾವ ಬಿಂದುಗಳಲ್ಲಿ ಬೇಕು ಅಂತ ಕ್ಯಾಲಿಬ್ರೇಷನ್‌ನವರಿಗೆ ಹೇಳಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಾಸ್ತಿ ಲ್ಯಾಬ್‌ಗಳು ಎಡವುವ ಜಾಗ ಇದು.

ಹೆಚ್ಚಿನ ಕಡೆ ಸಿಟಿಎಂ 2000 ಕಿಲೋನ್ಯೂಟನ್ ಸಾಮರ್ಥ್ಯದ್ದು. ನೀವು ಏನೂ ಹೇಳದಿದ್ದರೆ ಬಂದವರು ಸಾಮರ್ಥ್ಯದ ಶೇ. 20, 40, 60, 80, 100ರಲ್ಲಿ ನೋಡಿ ಹೋಗುತ್ತಾರೆ. ಅಂದರೆ 400 ಕಿಲೋನ್ಯೂಟನ್‌ನಿಂದ ಮೇಲೆ. ಈಗ ನಿಮ್ಮ ನಿಜವಾದ ಕೆಲಸ ನೋಡಿ. 150 ಮಿಲಿಮೀಟರ್ ಕ್ಯೂಬ್‌ನ ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್. ಎಂ25 ದರ್ಜೆಯ ಕಾಂಕ್ರೀಟ್ 25 ಎಂಪಿಎಗೆ (ಚದರ ಮಿಲಿಮೀಟರ್‌ಗೆ 25 ನ್ಯೂಟನ್) ಒಡೆದರೆ 562.5 ಕಿಲೋನ್ಯೂಟನ್. ಇದು ಶ್ರೇಣಿಯ ಒಳಗೇ ಇದೆ. ಆದರೆ ಎಂ20ರ ಕ್ಯೂಬ್ 7ನೇ ದಿನಕ್ಕೆ 13 ಎಂಪಿಎ ಕೊಟ್ಟರೆ? 292.5 ಕಿಲೋನ್ಯೂಟನ್. ಶ್ರೇಣಿಯಿಂದ ಹೊರಗೆ.

ಸಿಮೆಂಟ್‌ನ ಗಾರೆ ಕ್ಯೂಬ್ ಇನ್ನೂ ಕಷ್ಟ. ಅದರ ಬದಿ 70.6 ಮಿಲಿಮೀಟರ್. 43 ಗ್ರೇಡ್ ಸಿಮೆಂಟ್ 3ನೇ ದಿನಕ್ಕೆ 23 ಎಂಪಿಎ ಕೊಡಬೇಕು. ಲೆಕ್ಕ ಹಾಕಿದರೆ ಸುಮಾರು 115 ಕಿಲೋನ್ಯೂಟನ್. 28ನೇ ದಿನದ 43 ಎಂಪಿಎಗೂ ಸುಮಾರು 214 ಮಾತ್ರ. 2000ದ ಯಂತ್ರದಲ್ಲಿ ಇದನ್ನು ಒಡೆದು, 400ರಿಂದ ಶುರುವಾಗುವ ಸರ್ಟಿಫಿಕೇಟ್ ತೋರಿಸಿದರೆ ಆ ಸರ್ಟಿಫಿಕೇಟ್ ಈ ಟೆಸ್ಟ್ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ದಾರಿ ಎರಡಿವೆ. ಕೆಳಗಿನ ಬಿಂದುಗಳನ್ನೂ ಕೇಳಿ ಮಾಡಿಸಿ. ಇಲ್ಲವೇ ಗಾರೆ ಕ್ಯೂಬ್‌ಗೆ ಚಿಕ್ಕ ಸಾಮರ್ಥ್ಯದ ಯಂತ್ರ ಇಟ್ಟುಕೊಳ್ಳಿ. ಮೊದಲ ದಾರಿ ಹಿಡಿದರೆ ಡಿಸ್‌ಪ್ಲೇ ಎಷ್ಟೆಷ್ಟಕ್ಕೆ ಬದಲಾಗುತ್ತದೆ ಅಂತ ನೋಡಿ. ಇಂಥ ಯಂತ್ರಗಳ ಬಲದ ಅಳತೆಗೆ ಇರುವ ಮಾನಕ ಐಎಸ್‌ಒ 7500-1ರ ಪ್ರಕಾರ ಕ್ಲಾಸ್ 1 (ದೋಷ ಶೇ. 1ರೊಳಗಿನ ದರ್ಜೆ) ಅನ್ನಿಸಿಕೊಳ್ಳಲು ಅಳೆಯುವ ಬಲ ಆ ರೆಸಲ್ಯೂಷನ್‌ನ, ಅಂದರೆ ಡಿಸ್‌ಪ್ಲೇಯ ಒಂದು ಹೆಜ್ಜೆಯ, ಕನಿಷ್ಠ 200 ಪಟ್ಟು ಇರಬೇಕು. 1 ಕಿಲೋನ್ಯೂಟನ್‌ನಂತೆ ಏರುವ ಡಿಸ್‌ಪ್ಲೇ 200ಕ್ಕಿಂತ ಕೆಳಗೆ ಕ್ಲಾಸ್ 1 ಆಗಲಾರದು. 0.1ರಂತೆ ಏರಿದರೆ ಆ ಮಿತಿ 20ಕ್ಕೆ ಇಳಿಯುತ್ತದೆ.

ಬ್ಯಾಲೆನ್ಸ್ ಬಗ್ಗೆ ಒಂದು ಮಾತು. ಅದನ್ನು ಹೊರಗೆ ಕಳಿಸಬೇಡಿ. ನೀವು ಬಳಸುವ ಮೇಜಿನ ಮೇಲೆಯೇ ಕ್ಯಾಲಿಬ್ರೇಟ್ ಮಾಡಿಸಿ. ಗುರುತ್ವ ಎಲ್ಲಾ ಊರಲ್ಲೂ ಒಂದೇ ಅಲ್ಲ. ದೆಹಲಿಯಲ್ಲಿ ಹೊಂದಿಸಿದ ಎಲೆಕ್ಟ್ರಾನಿಕ್ ಬ್ಯಾಲೆನ್ಸ್ ಅನ್ನು ಬೆಂಗಳೂರಿಗೆ ತಂದು ಹಾಗೇ ಬಳಸಿದರೆ 100 ಗ್ರಾಂ ಬಟ್ಟು ಸುಮಾರು 0.1 ಗ್ರಾಂ ಕಡಿಮೆ ತೋರಿಸುತ್ತದೆ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಎತ್ತರದಲ್ಲೂ ಇದೆ. ಎರಡೂ ಸೇರಿ ಗುರುತ್ವ ಅಷ್ಟು ಕಡಿಮೆಯಾಗುತ್ತದೆ.

ಹಂತ 3: ಸರ್ಟಿಫಿಕೇಟ್ ನಿಮ್ಮ ಉಪಕರಣದ್ದೇ?

ಸೀರಿಯಲ್ ನಂಬರ್, ಮಾಡೆಲ್, ಶ್ರೇಣಿ, ಜಾಗ, ದಿನಾಂಕ, ಪುಟ ಸಂಖ್ಯೆ. ಐದು ನಿಮಿಷದ ಕೆಲಸ. ಉಪಕರಣದ ಮುಂದೆ ನಿಂತು ನೋಡಿ, ಕುರ್ಚಿಯಲ್ಲಿ ಕೂತು ಬೇಡ. ಒಂದೇ ತರದ ಎರಡು ಥರ್ಮಾಮೀಟರ್ ಇರುವ ಲ್ಯಾಬ್‌ಗಳಲ್ಲಿ ಸರ್ಟಿಫಿಕೇಟ್ ಅದಲು ಬದಲಾಗುವುದು ನಾವಂದುಕೊಂಡಷ್ಟು ಅಪರೂಪವಲ್ಲ.

ಹಂತ 4: ಕೊಟ್ಟವರಿಗೆ ಆ ಅಧಿಕಾರ ಇದೆಯೇ?

ನಮ್ಮ ದೇಶದಲ್ಲಿ ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಕ್ಯಾಲಿಬ್ರೇಷನ್ ಲ್ಯಾಬ್‌ಗೆ ಎನ್‌ಎಬಿಎಲ್ ಮಾನ್ಯತೆ ಇದೆ ಅನ್ನುವುದು ಅರ್ಧ ಉತ್ತರ ಅಷ್ಟೇ. ಯಾವುದಕ್ಕೆ ಮಾನ್ಯತೆ ಅನ್ನುವುದು ಉಳಿದರ್ಧ. ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಆ ಲ್ಯಾಬ್‌ನ ಸ್ಕೋಪ್, ಅಂದರೆ ಮಾನ್ಯತೆ ಇರುವ ಅಳತೆಗಳ ಪಟ್ಟಿ, ಸಿಗುತ್ತದೆ. ಅದನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟುಕೊಂಡು ಈ ನಾಲ್ಕನ್ನು ಹುಡುಕಿ.

ಬಲ, ತಾಪಮಾನ, ತೂಕ, ಇವುಗಳಲ್ಲಿ ನಿಮ್ಮ ಅಳತೆ ಸ್ಕೋಪ್‌ನಲ್ಲಿ ಇದೆಯೇ? ನಿಮ್ಮ ಶ್ರೇಣಿ ಪೂರ್ತಿ ಇದೆಯೇ? ನಿಮ್ಮ ಜಾಗಕ್ಕೆ ಬಂದು ಮಾಡುವುದಕ್ಕೂ ಮಾನ್ಯತೆ ಇದೆಯೇ, ಅಥವಾ ಅವರ ಲ್ಯಾಬ್ ಒಳಗೆ ಮಾತ್ರವೇ? ಸಿಟಿಎಂ ಅನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಹಾಗಾಗಿ ಇದು ದೊಡ್ಡ ಪ್ರಶ್ನೆ. ಕೊನೆಯದು, ಕ್ಯಾಲಿಬ್ರೇಷನ್ ನಡೆದ ದಿನ ಮಾನ್ಯತೆ ಜಾರಿಯಲ್ಲಿತ್ತೇ?

ಸ್ಕೋಪ್‌ನಲ್ಲಿ ಸಿಎಂಸಿ ಅಂತ ಒಂದು ಕಾಲಂ ಇರುತ್ತದೆ. ಆ ಲ್ಯಾಬ್ ಕೊಡಬಲ್ಲ ಅತಿ ಕಡಿಮೆ ಅನಿಶ್ಚಿತತೆ ಅದು. ನಿಮ್ಮ ಸರ್ಟಿಫಿಕೇಟ್‌ನ ಅನಿಶ್ಚಿತತೆ ಅದಕ್ಕಿಂತಲೂ ಕಡಿಮೆ ಇದ್ದರೆ ಏನೋ ತಪ್ಪಾಗಿದೆ. ಸರ್ಟಿಫಿಕೇಟ್ ವಾಪಸ್ ಕಳಿಸಿ, ವಿವರಣೆ ಕೇಳಿ.

ಅವರು ಹೋಲಿಸಿ ನೋಡಲು ಬಳಸಿದ ಮಾಸ್ಟರ್ ಉಪಕರಣದ ವಿವರವನ್ನೂ ನೋಡಿ. ಅದರ ಕ್ಯಾಲಿಬ್ರೇಷನ್ ಅವಧಿ ನಿಮ್ಮ ಕೆಲಸದ ದಿನ ಮುಗಿದಿರಬಾರದು. ಆ ಮಾಸ್ಟರ್‌ನಿಂದ ಮೇಲೆ ಮೇಲೆ ಹೋದರೆ ಸರಪಳಿ ಕೊನೆಗೆ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಂಥ ಸಂಸ್ಥೆಗೆ ಮುಟ್ಟಬೇಕು. ದೇಶದ ಕಿಲೋಗ್ರಾಂ ಪ್ರತಿ, 57ನೇ ಸಂಖ್ಯೆಯದು, ಇರುವುದು ಅಲ್ಲೇ. 2019ರ ಮೇ 20ರಿಂದ ಕಿಲೋಗ್ರಾಂನ ವ್ಯಾಖ್ಯೆ ಲೋಹದ ಬಟ್ಟಿನಿಂದ ಪ್ಲ್ಯಾಂಕ್ ಸ್ಥಿರಾಂಕಕ್ಕೆ ಬದಲಾಯಿತು. ಆದರೂ ಸರಪಳಿಯ ಪ್ರತಿ ಕೊಂಡಿಯಲ್ಲೂ ಸರ್ಟಿಫಿಕೇಟ್ ಬೇಕು ಅನ್ನುವುದು ಬದಲಾಗಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ತೂಕ ಮತ್ತು ಅಳತೆ ಇಲಾಖೆಯವರು ಹಾಕುವ ಮುದ್ರೆ ವ್ಯಾಪಾರದ ತಕ್ಕಡಿಗೆ ಕಾನೂನು ಕೇಳುವ ಮುದ್ರೆ. ಅದರಿಂದ ಪ್ರತಿ ಬಿಂದುವಿನ ದೋಷವಾಗಲಿ ಅನಿಶ್ಚಿತತೆಯಾಗಲಿ ನಿಮಗೆ ಸಿಗುವುದಿಲ್ಲ. ಲ್ಯಾಬ್‌ನ ಕ್ಯಾಲಿಬ್ರೇಷನ್ ಬದಲಿಗೆ ಅದನ್ನು ತೋರಿಸಲು ಆಗುವುದಿಲ್ಲ.

ಹಂತ 5: ಅಂಕಿಗಳನ್ನು ಓದಿ, ಚಿಹ್ನೆ ನೋಡಿಕೊಂಡು

ಕೆಲವು ಸರ್ಟಿಫಿಕೇಟ್‌ಗಳಲ್ಲಿ ದೋಷ ಅಂತ ಕೊಡುತ್ತಾರೆ, ಕೆಲವದರಲ್ಲಿ ತಿದ್ದುಪಡಿ ಅಂತ. ಎರಡಕ್ಕೂ ಚಿಹ್ನೆ ಉಲ್ಟಾ. ಉಪಕರಣ ತೋರಿಸಿದ್ದರಿಂದ ನಿಜ ಬೆಲೆ ಕಳೆದರೆ ದೋಷ. ನಿಜ ಬೆಲೆಯಿಂದ ತೋರಿಸಿದ್ದನ್ನು ಕಳೆದರೆ ತಿದ್ದುಪಡಿ. ತಿದ್ದುಪಡಿಯನ್ನು ಓದಿದ ಅಂಕಿಗೆ ಕೂಡಿಸಬೇಕು. ಇಲ್ಲಿ ತಪ್ಪಿದರೆ ದೋಷ ಹೋಗುವ ಬದಲು ಎರಡರಷ್ಟಾಗುತ್ತದೆ.

ಕ್ಯೂರಿಂಗ್ ತೊಟ್ಟಿಯನ್ನೇ ನೋಡಿ. ನೀರು 27 ± 2 ಡಿಗ್ರಿ ಇರಬೇಕು, ಅಂದರೆ 25ರಿಂದ 29. ಥರ್ಮಾಮೀಟರ್ 26.0 ತೋರಿಸುವಾಗ ನಿಜವಾದ ತಾಪಮಾನ 25.4 ಅಂತ ಸರ್ಟಿಫಿಕೇಟ್ ಹೇಳುತ್ತದೆ ಅಂದುಕೊಳ್ಳಿ. ದೋಷ +0.6, ತಿದ್ದುಪಡಿ −0.6. ಚಳಿಗಾಲದ ಬೆಳಿಗ್ಗೆ ಥರ್ಮಾಮೀಟರ್ 25.4 ತೋರಿಸಿದರೆ ಹುಡುಗರು ಸರಿಯಾಗಿದೆ ಅಂತ ಬರೆಯುತ್ತಾರೆ. ನಿಜಕ್ಕೂ ನೀರು 24.8ರಲ್ಲಿದೆ. ಮಿತಿ ದಾಟಿದೆ.

ಅನಿಶ್ಚಿತತೆಯ ಪಕ್ಕದಲ್ಲಿ ಸಾಮಾನ್ಯವಾಗಿ ಕೆ = 2, ಸುಮಾರು ಶೇ. 95 ವಿಶ್ವಾಸ ಅಂತ ಇರುತ್ತದೆ. ದೋಷ ಎಷ್ಟು ಅಂತ ಹೇಳಿದ ಅಂಕಿಯೂ ಇಷ್ಟರ ಮಟ್ಟಿಗೆ ಆಚೀಚೆ ಇರಬಹುದು ಅಂತ ಅದರ ಅರ್ಥ. ಅನಿಶ್ಚಿತತೆಯೇ ಬರೆಯದ ಸರ್ಟಿಫಿಕೇಟ್ ಬಂದರೆ ಒಪ್ಪಬೇಡಿ.

ಹಂತ 6: ತೀರ್ಮಾನ

ಇದೇ ಮುಖ್ಯ ಕೆಲಸ. ಸರಳ ನಿಯಮ ಒಂದು: ದೋಷ ಮಿತಿಯೊಳಗಿದ್ದರೆ ಪಾಸ್. ಕಟ್ಟುನಿಟ್ಟಿನ ನಿಯಮ ಇನ್ನೊಂದು: ದೋಷಕ್ಕೆ ಅನಿಶ್ಚಿತತೆ ಸೇರಿಸಿದರೂ ಮಿತಿಯೊಳಗಿದ್ದರೆ ಮಾತ್ರ ಪಾಸ್. ಮೊದಲನೆಯದರಲ್ಲಿ ಅಂಕಿ ಸರಿಯಾಗಿ ಗಡಿಯ ಮೇಲೆ ಬಂದರೆ ತಪ್ಪು ತೀರ್ಮಾನದ ಸಾಧ್ಯತೆ ಶೇ. 50ರವರೆಗೆ ಹೋಗುತ್ತದೆ. ಎರಡನೆಯದರಲ್ಲಿ ಅದು ಶೇ. 2.5ಕ್ಕಿಂತ ಕಡಿಮೆ. ಮಾನ್ಯತೆ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಲ್ಯಾಕ್ ಹೊರತಂದ ಜಿ8 ಮಾರ್ಗಸೂಚಿಯಲ್ಲಿ ಈ ನಿಯಮಗಳ ವಿವರ ಇದೆ. ಟೆಸ್ಟ್‌ನ ಮಾನಕವೇ ಒಂದು ವಿಧಾನ ಹೇಳಿದ್ದರೆ ಅದನ್ನೇ ಹಿಡಿಯಿರಿ. ಹೇಳದಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಓವನ್ ಉದಾಹರಣೆ ಪೂರ್ತಿ ಮಾಡೋಣ. ಸೆಟ್ ಮಾಡಿದ್ದು 110. ಒಳಗೆ ಒಂಬತ್ತು ಸೆನ್ಸರ್ ಇಟ್ಟು ನೋಡಿದ್ದಾರೆ. ಸರಾಸರಿ 108.9. ಅತಿ ಕಡಿಮೆ, ಬಾಗಿಲ ಪಕ್ಕದ ಕೆಳ ಮೂಲೆಯಲ್ಲಿ, 105.8. ಅತಿ ಹೆಚ್ಚು 111.6. ಅನಿಶ್ಚಿತತೆ ± 1.2. ನಮಗೆ ಬೇಕಾದ್ದು 105ರಿಂದ 115.

ಸರಾಸರಿ ನೋಡಿದರೆ ಆರಾಮಾಗಿ ಪಾಸ್. ಮೂಲೆಯ ಅಂಕಿ 105.8 ನೋಡಿದರೂ ಪಾಸ್. ಆದರೆ 105.8ರಿಂದ 1.2 ಕಳೆದರೆ 104.6. ಆ ಮೂಲೆಯಲ್ಲಿಟ್ಟ ಮಣ್ಣು 105ಕ್ಕಿಂತ ಕೆಳಗೆ ಒಣಗುತ್ತಿರಬಹುದು. ಹಾಗಂತ ಓವನ್ ಎಸೆಯಬೇಕಿಲ್ಲ. ಸೆಟ್ಟಿಂಗ್ 111.5 ಮಾಡಿದರೆ ಎಲ್ಲಾ ಕಡೆ ಸುಮಾರು 1.5 ಏರುತ್ತದೆ. ಮೂಲೆ 107.3, ಅನಿಶ್ಚಿತತೆ ಕಳೆದರೆ 106.1. ಮೇಲಿನದು 113.1, ಕೂಡಿಸಿದರೆ 114.3. ಎರಡೂ ಮಿತಿಯೊಳಗೆ. ಆದರೆ ಇದು ಕಾಗದದ ಲೆಕ್ಕ. ಕ್ಯಾಲಿಬ್ರೇಟ್ ಆದ ಥರ್ಮಾಮೀಟರ್ ಅನ್ನು ಅದೇ ಮೂಲೆಯಲ್ಲಿಟ್ಟು ಹೊಸ ಸೆಟ್ಟಿಂಗ್‌ನಲ್ಲಿ ಅಳೆದು ಬರೆದಿಡಿ. ಆಮೇಲೆ ಓವನ್ ಬಾಗಿಲಿಗೆ "ಸೆಟ್ಟಿಂಗ್ 111.5" ಅಂತ ದೊಡ್ಡದಾಗಿ ಅಂಟಿಸಿ.

ಸೆನ್ಸರ್ ಒಂದೇ ಒಂದು, ಮಧ್ಯದಲ್ಲಿ ಮಾತ್ರ ಇಟ್ಟು ಮಾಡಿದ ಸರ್ಟಿಫಿಕೇಟ್ ಆಗಿದ್ದರೆ ಈ ಮೂಲೆಯ ವಿಷಯ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೇ ಹಂತ 2ರಲ್ಲಿ ಕೇಳಿ ಮಾಡಿಸಿ ಅಂದಿದ್ದು.

ಸಿಟಿಎಂಗೆ ಕ್ಲಾಸ್ 1ರ ಮಿತಿಗಳು ಹಲವು. ದೋಷ ± ಶೇ. 1, ಮತ್ತೆ ಮತ್ತೆ ಅಳೆದಾಗಿನ ವ್ಯತ್ಯಾಸ ಶೇ. 1, ಸೊನ್ನೆಗೆ ಮರಳುವ ದೋಷ ± ಶೇ. 0.1. ಒಂದೊಂದು ಬಿಂದುವಿನಲ್ಲೂ ಎಲ್ಲವನ್ನೂ ನೋಡಿ. ಸರಾಸರಿ ದೋಷ ಚೆನ್ನಾಗಿದ್ದು ಮೂರು ಸುತ್ತಿನ ಅಂಕಿಗಳು ದೂರ ದೂರ ಇದ್ದರೆ ಹೈಡ್ರಾಲಿಕ್‌ನಲ್ಲೋ ತಟ್ಟೆಯ ಕೂಡಿಕೆಯಲ್ಲೋ ತೊಂದರೆ ಇರಬಹುದು. ತಿದ್ದುಪಡಿ ಹಾಕಿ ಅದನ್ನು ಸರಿ ಮಾಡಲು ಆಗುವುದಿಲ್ಲ.

ಬಲ ಏರಿಸುವ ವೇಗವನ್ನೂ ನೀವೇ ನೋಡಿಕೊಳ್ಳಿ. ಐಎಸ್ 516 ಹೇಳುವುದು ನಿಮಿಷಕ್ಕೆ 14 ಎಂಪಿಎ. 150ರ ಕ್ಯೂಬ್‌ಗೆ ಅದು ನಿಮಿಷಕ್ಕೆ 315 ಕಿಲೋನ್ಯೂಟನ್. ಸ್ಟಾಪ್‌ವಾಚ್ ಹಿಡಿದು 200ರಿಂದ 515ಕ್ಕೆ ಹೋಗಲು 60 ಸೆಕೆಂಡ್ ಬೇಕಾಗುತ್ತದೆಯೇ ನೋಡಿ. ಬೇಗ ಏರಿಸಿದರೆ ಕ್ಯೂಬ್ ಇರುವುದಕ್ಕಿಂತ ಗಟ್ಟಿ ಅನ್ನಿಸುತ್ತದೆ.

ತೀರ್ಮಾನವನ್ನು ಬರೆಯಿರಿ. "ಪರಿಶೀಲಿಸಲಾಗಿದೆ" ಅಂತ ಸುಮ್ನೆ ಸೀಲು ಹೊಡೆದರೆ ಅದು ದಾಖಲೆ ಆಗುವುದಿಲ್ಲ. ಬೇಕಾದ ಮಿತಿ, ಬಂದ ಅಂಕಿ, ಅನಿಶ್ಚಿತತೆ, ಯಾವ ನಿಯಮ, ಯಾವ ಟೆಸ್ಟ್‌ಗೆ ಒಪ್ಪಿಗೆ, ಯಾವುದಕ್ಕೆ ಇಲ್ಲ, ಯಾರು, ಯಾವಾಗ. ಅರ್ಧ ಪುಟ ಸಾಕು. ತಿದ್ದುಪಡಿ ಇದ್ದರೆ ವರ್ಕ್‌ಶೀಟ್‌ನ ಸೂತ್ರದಲ್ಲಿ ಅದೇ ದಿನ ಬದಲಿಸಿ. ಹಳೆಯ ವರ್ಷದ ತಿದ್ದುಪಡಿಯೇ ಎಕ್ಸೆಲ್‌ನಲ್ಲಿ ಉಳಿದಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ಹಂತ 7: ಮತ್ತೆ ಯಾವಾಗ ಮಾಡಿಸಬೇಕು?

ಮುಂದಿನ ದಿನಾಂಕವನ್ನು ನಿರ್ಧರಿಸುವುದು ನಿಮ್ಮ ಲ್ಯಾಬ್. ನೀವು ಕೇಳಿ ಒಪ್ಪಿಕೊಳ್ಳದ ಹೊರತು ಕ್ಯಾಲಿಬ್ರೇಷನ್ ಸರ್ಟಿಫಿಕೇಟ್‌ನಲ್ಲಿ ಆ ಸಲಹೆ ಇರಲೇಬಾರದು ಅಂತ 17025 ಹೇಳುತ್ತದೆ. ಸಿಟಿಎಂಗೆ 12 ತಿಂಗಳು ಮೀರದಿರುವುದು ರೂಢಿ. ಯಂತ್ರ ಬಿಚ್ಚಿ ಬೇರೆ ಕಡೆ ಇಟ್ಟರೆ, ದೊಡ್ಡ ರಿಪೇರಿ ಆದರೆ, ತಿಂಗಳು ಎಣಿಸದೆ ಮತ್ತೆ ಮಾಡಿಸಬೇಕು.

ಹಂತ 8: ನಡುವಿನ ದಿನಗಳಲ್ಲಿ ಕಣ್ಣಿಡಿ

ವರ್ಷದಲ್ಲಿ ಒಂದು ದಿನದ ಸರ್ಟಿಫಿಕೇಟ್ ಉಳಿದ 364 ದಿನಕ್ಕೆ ಸಾಕ್ಷಿ ಆಗುವುದಿಲ್ಲ. ಬ್ಯಾಲೆನ್ಸ್‌ಗೆ ಒಂದು ಒಳ್ಳೆಯ ಬಟ್ಟು ಇಟ್ಟುಕೊಳ್ಳಿ. ಕೆಲಸ ಶುರು ಮಾಡುವ ಮೊದಲು ಇಟ್ಟು, ಓದಿ, ಗ್ರಾಫ್‌ನಲ್ಲಿ ಒಂದು ಚುಕ್ಕೆ ಹಾಕಿ. ಬಟ್ಟಿನ ದರ್ಜೆ ಮುಖ್ಯ. 100 ಗ್ರಾಂನ ಎಂ1 ಬಟ್ಟು ತಾನೇ 5 ಮಿಲಿಗ್ರಾಂ ಆಚೀಚೆ ಇರಬಹುದು. ಎಫ್1 ಆದರೆ 0.5 ಮಿಲಿಗ್ರಾಂ ಅಷ್ಟೇ. ಒಂದು ಮಿಲಿಗ್ರಾಂ ತೋರಿಸುವ ಬ್ಯಾಲೆನ್ಸ್‌ಗೆ ಎಫ್1 ಇರಲಿ. ಬರಿಗೈಯಲ್ಲಿ ಮುಟ್ಟಬೇಡಿ, ಚಿಮುಟದಲ್ಲಿ ಹಿಡಿಯಿರಿ. ತಿಂಗಳಿಗೊಮ್ಮೆ ಬಟ್ಟನ್ನು ತಟ್ಟೆಯ ಮಧ್ಯದಲ್ಲೂ ನಾಲ್ಕು ಕಡೆಯಲ್ಲೂ ಇಟ್ಟು ನೋಡಿ.

ಗ್ರಾಫ್ ಹಾಕುವುದಕ್ಕೆ ಕಾರಣ ಇದೆ. ಪ್ರತಿ ಅಂಕಿಯೂ ಮಿತಿಯೊಳಗೇ ಇರುತ್ತದೆ, ಆದರೆ ಚುಕ್ಕೆಗಳು ಮೆಲ್ಲಗೆ ಒಂದೇ ಕಡೆ ಜಾರುತ್ತಿರುತ್ತವೆ. ಪಟ್ಟಿಯಲ್ಲಿ ಅದು ಕಾಣುವುದಿಲ್ಲ. ಗ್ರಾಫ್‌ನಲ್ಲಿ ದೂರದಿಂದಲೇ ಕಾಣುತ್ತದೆ.

ಹಂತ 9: ಮಿತಿ ದಾಟಿದರೆ

ಉಪಕರಣವನ್ನು ತಕ್ಷಣ ಬಳಕೆಯಿಂದ ತೆಗೆಯಿರಿ. ಕೆಂಪು ಚೀಟಿ ಅಂಟಿಸಿ. ಸಾಧ್ಯವಾದರೆ ಪ್ಲಗ್ ಕೂಡ ಕಿತ್ತಿಡಿ. ಕ್ಯಾಲಿಬ್ರೇಷನ್‌ಗೆ ಬಂದವರು ಹೊಂದಾಣಿಕೆ ಮಾಡುವ ಮೊದಲು ಇದ್ದ ಸ್ಥಿತಿಯ ಅಂಕಿಗಳನ್ನು ಬರೆಯಲೇಬೇಕು ಅಂತ ಹೇಳಿ. ಸರಿ ಮಾಡಿದ ಮೇಲಿನ ಅಂಕಿ ಮಾತ್ರ ಕೊಟ್ಟರೆ ಇಷ್ಟು ದಿನ ಎಷ್ಟು ತಪ್ಪಿತ್ತು ಅಂತ ಎಂದಿಗೂ ಗೊತ್ತಾಗುವುದಿಲ್ಲ.

ಆಮೇಲೆ ಹಿಂದಕ್ಕೆ ನೋಡಬೇಕು. ಇದು ಬೇಸರದ ಕೆಲಸ, ಆದರೆ ಬಿಡಬಾರದು. ಉಪಕರಣ ಸರಿಯಾಗಿತ್ತು ಅಂತ ಸಾಕ್ಷಿ ಇರುವ ಕೊನೆಯ ದಿನ ಹುಡುಕಿ. ಅಲ್ಲಿಂದ ಇಂದಿನವರೆಗೆ ಆ ಯಂತ್ರದಲ್ಲಿ ಮಾಡಿದ ಎಲ್ಲಾ ವರದಿಗಳನ್ನೂ ಹೊರತೆಗೆಯಿರಿ. ಯಂತ್ರ ಶೇ. 3 ಹೆಚ್ಚು ತೋರಿಸುತ್ತಿತ್ತು ಅಂದುಕೊಳ್ಳಿ. ಡಿಸ್‌ಪ್ಲೇನಲ್ಲಿ 573 ಕಿಲೋನ್ಯೂಟನ್ ಬಂದ ಕ್ಯೂಬ್‌ಗೆ ನೀವು 25.5 ಎಂಪಿಎ ಅಂತ ಬರೆದಿದ್ದೀರಿ. ನಿಜವಾದ ಬಲ 556.3. ಅಂದರೆ 24.7 ಎಂಪಿಎ. 25ರ ಈ ಕಡೆ ಇದ್ದದ್ದು ಆ ಕಡೆ ಹೋಯಿತು.

40 ಎಂಪಿಎ ಬಂದ ಕ್ಯೂಬ್‌ಗಳ ತೀರ್ಮಾನ ಶೇ. 3ರಿಂದ ಬದಲಾಗದಿರಬಹುದು, ಆದರೂ ಅಂಕಿ ತಿದ್ದಿ ಹೊಸ ವರದಿ ಕೊಡಬೇಕು. ಗಡಿಯ ಹತ್ತಿರ ಇದ್ದವನ್ನು ಬೇರೆ ಪಟ್ಟಿ ಮಾಡಿ. ಒಡೆದ ಕ್ಯೂಬ್ ಮತ್ತೆ ಸಿಗುವುದಿಲ್ಲ, ಆದರೆ ಆ ಕಾಂಕ್ರೀಟ್ ಕಟ್ಟಡದಲ್ಲಿ ನಿಂತಿರುತ್ತದೆ. ಗಿರಾಕಿಗೆ ಮೊದಲು ಫೋನ್ ಮಾಡಿ, ಅದೇ ದಿನ ಬರೆದೂ ತಿಳಿಸಿ. ಯಾವ ಸ್ಲ್ಯಾಬ್, ಯಾವ ಕಂಬ, ಯಾವ ದಿನ ಹಾಕಿದ್ದು ಅಂತ ವರದಿ ಸಂಖ್ಯೆಯ ಜೊತೆ ಕೊಡಿ. ಬೇಕಾದರೆ ಅವರ ಎಂಜಿನಿಯರ್ ಅಲ್ಲಿಂದಲೇ ಕೋರ್ (ಕೊರೆದು ತೆಗೆದ ಕಾಂಕ್ರೀಟ್ ತುಂಡು) ತೆಗೆಸಿ ಪರೀಕ್ಷೆ ಮಾಡಿಸಬಹುದು.